ಪೈಪು ಸಂಕ

ನಮ್ಮ ಮಾವ ಸೋಮು ಏನನ್ನಾದರೂ ಕಟ್ಟಿದರೆಂದರೆ ಮತ್ತೆ ಬಿಚ್ಚುವ ಮಾತಿಲ್ಲ. ಕರುವನ್ನು ಕಟ್ಟಿದರೆ ಹಗ್ಗ ಕೊಯ್ಯಬೇಕು. ಅಕ್ಕಿ ಚೀಲದ ಬಾಯಿಗೆ ಅವರು ಬಿಗಿದ ಗಂಟು ಬಿಡಿಸಲು ಹೋಗಿ ನನ್ನ ಉಗುರು ಎಷ್ಟು ಸಲ ಮುರಿದಿದೆಯೋ ಲೆಕ್ಕವಿಲ್ಲ. ಅಂಥವರು ಹೆಂಡತಿಯ ಮೇಲಿನ ಪ್ರೀತಿಗೆ ಒಂದು ಪೈಪನ್ನೇ ಕಟ್ಟಿಹಾಕಿದರು. ಅದೂ ಎಂಥ ಪೈಪು ಅಂತೀರಿ, ಇಡೀ ಕಾರವಾರ ಪಟ್ಟಣಕ್ಕೆ ನೀರು ಹೋಗುವ ಪೈಪು.

ಅವರ್ಸೆಯಲ್ಲಿ ನಮ್ಮ ಮನೆ ಹಳ್ಳದ ಈಚೆ ದಡಕ್ಕಿದೆ. ಗದ್ದೆ, ಅಂಗಡಿ, ಟೆಂಪೊ ನಿಲ್ಲುವ ಹೆದ್ದಾರಿ ಎಲ್ಲ ಆಚೆ. ಹಳ್ಳ ದೊಡ್ಡದೇನಲ್ಲ. ಆದರೆ ಸಮುದ್ರ ಹತ್ತಿರವಾದ್ದರಿಂದ ಭರತದ ಹೊತ್ತಿಗೆ ಉಪ್ಪುನೀರು ನುಗ್ಗಿ ಎದೆಮಟ್ಟ ನಿಲ್ಲುತ್ತದೆ, ಇಳಿತಕ್ಕೆ ನೋಡಿದರೆ ಮೊಣಕಾಲು ಹುಗಿಯುವ ಕೆಸರು. ಮೊದಲು ಪ್ರತಿ ವರ್ಷ ತೆಂಗಿನ ಮರ ಕಡಿದು ದಾಟಲು ಸಂಕ ಹಾಕುತ್ತಿದ್ದರಂತೆ, ಪ್ರತಿ ಮಳೆಗಾಲ ಅದು ಸಮುದ್ರಕ್ಕೆ ಹೋಗುತ್ತಿತ್ತಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಪೈಪು ಬಂದಿತ್ತು. ಅಂಕೋಲೆ ಕಡೆಯಿಂದ ನೆಲದೊಳಗೇ ಬರುವ ಆ ದಪ್ಪ ಕಬ್ಬಿಣದ ಪೈಪು ನಮ್ಮ ಹಳ್ಳದ ಹತ್ತಿರ ಮಾತ್ರ ಮೇಲೆದ್ದು, ಕಾಂಕ್ರೀಟು ಕಂಬಗಳ ಮೇಲೆ ಮಲಗಿ ದಾಟುತ್ತದೆ. ನಮ್ಮ ಕೇರಿಯವರು ಬಿಡುತ್ತಾರೆಯೇ? ಅದರ ಬೆನ್ನಿಗೆ ತೆಂಗಿನ ಹಲಗೆ ಬಿಗಿದರು, ಕೈಗೆ ಹಿಡಿಯಲು ಪಕ್ಕದಲ್ಲಿ ಬಲೆಯ ಹಗ್ಗ ಎಳೆದರು. ಯಾರನ್ನೂ ಕೇಳಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಪೈಪು ಸಂಕ ಅಂತ ಹೆಸರೂ ಬಿತ್ತು.

ಅತ್ತೆ ಗಂಗಿಯ ಜೀವವೆಲ್ಲ ಆಚೆ ದಡದಲ್ಲಿತ್ತು. ಭತ್ತ ಕೊಯ್ದಾದ ಮೇಲೆ ಆ ಗದ್ದೆಯಲ್ಲಿ ಅವರು ಹರಿವೆ, ಮೂಲಂಗಿ, ಅಲಸಂದೆ ಬೆಳೆಯುತ್ತಿದ್ದರು. ಅವರ ಕೆಂಪು ಹರಿವೆ ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಳಿಸಿದಷ್ಟರಲ್ಲಿ ಖಾಲಿ. ಬೆಳಿಗ್ಗೆ ಸಂಕ ದಾಟಿ ಹೋದರೆ ಮಧ್ಯಾಹ್ನ ಊಟಕ್ಕೇ ಬರುವುದು, ಊಟ ಮಾಡಿ ಮತ್ತೆ ಹೋಗುವುದು. ಎರಡು ವರ್ಷದ ಹಿಂದೆ ಗೊಬ್ಬರದ ಬುಟ್ಟಿ ಹೊತ್ತು ದಾಟುವಾಗ ಸಂಕದಿಂದ ಕೆಳಗೆ ಬಿದ್ದರು. ಇಳಿತದ ಹೊತ್ತು, ಕೆಸರಿತ್ತು, ಜೀವ ಉಳಿಯಿತು. ಕಾಲು ಮುರಿಯಿತು. ಕಾರವಾರದಲ್ಲಿ ಒಳಗೆ ಸರಳು ಹಾಕಿ ಕೂಡಿಸಿದರು.

ಪೈಪು ಅಲುಗಿದ್ದರಿಂದಲೇ ಬಿದ್ದದ್ದು ಎಂದು ಮಾವ ಅಂದರು, ಕೇರಿಯೂ ಅಂದಿತು. ಅಲುಗುವುದು ಸುಳ್ಳಲ್ಲ. ಅಲ್ಲೆಲ್ಲೋ ಪಂಪು ಚಾಲೂ ಆದಾಗ ಪೈಪು ಒಮ್ಮೆ ಜಗ್ಗಿದ ಹಾಗಾಗಿ ಗುಂಯ್ಯೆಂದು ನಡುಗುತ್ತದೆ. ಮಾವ ಅತ್ತೆಯನ್ನು ಆಸ್ಪತ್ರೆಯಿಂದ ತಂದ ವಾರವೇ ಸಿಮೆಂಟು ತರಿಸಿದರು. ಜಲ್ಲಿ, ಮರಳು, ಹಳೆಯ ಸರಪಳಿ, ಎಲ್ಲ ಸೇರಿಸಿ ಈಚೆ ದಡದ ಕಂಬಕ್ಕೂ ಪೈಪಿಗೂ ಒಂದೇ ಮುಷ್ಟಿ ಹಿಡಿದ ಹಾಗೆ ದಪ್ಪ ಕಟ್ಟೆ ಎರೆದರು. ಕೇರಿಯವರೆಲ್ಲ ಕೈ ಹಾಕಿದರು. ಕೊನೆಗೆ ತೆಂಗಿನಕಾಯಿ ಒಡೆದು ಕುಂಕುಮ ಹಚ್ಚಿದ್ದೂ ಆಯಿತು. ನಾನೇ ಅವಲಕ್ಕಿ ಹಂಚಿದೆ, ಸುಳ್ಳು ಯಾಕೆ ಹೇಳಲಿ.

ಕಟ್ಟೆ ಗಟ್ಟಿಯಾಯಿತು. ಅತ್ತೆಯ ಕಾಲೂ ಗಟ್ಟಿಯಾಯಿತು. ಡಾಕ್ಟರು, "ನಡೀರಿ, ಎಷ್ಟು ನಡೀತೀರೋ ಅಷ್ಟು ಒಳ್ಳೇದು" ಅಂದರು. ಆದರೆ ಮಾವ ಸಂಕದ ಮೇಲೆ ಅತ್ತೆಗೆ ಕಾಲಿಡಲು ಬಿಟ್ಟರೆ ತಾನೆ? ಮೊದಲು "ಈ ಮಳೆಗಾಲ ಕಳೀಲಿ" ಅಂದರು. ಕಳೆಯಿತು. "ಇಬ್ಬನಿ ಬೀಳ್ತದೆ, ಹಲಗೆ ಜಾರ್ತದೆ" ಅಂದರು. ಬೇಸಿಗೆ ಬಂತು. "ಬಿಸಿಲಿಗೆ ತಲೆ ತಿರುಗ್ತದೆ" ಅಂದರು. ಮತ್ತೆ ಮಳೆಗಾಲ ಬಂತು. ಅತ್ತೆ ಮಾತ್ರ ಆ ಕಟ್ಟೆಯ ಮೇಲೆ ಕೂತು, ಆಚೆ ದಡದಲ್ಲಿ ನೀರು ಹಾಕುವ ಗಂಡನಿಗೆ ಈಚೆಯಿಂದ ಕೂಗುತ್ತಿದ್ದರು.

"ಹೋಯ್! ಅದಕ್ಕಲ್ಲ, ಬದೀದಕ್ಕೆ! ಬುಡಕ್ಕೆ ಹಾಕಿ, ತಲೆ ಮೇಲಲ್ಲ!"

ಮಾವನಿಗೆ ನೇಗಿಲು ಗೊತ್ತು, ದೋಣಿ ಗೊತ್ತು, ಹರಿವೆ ಗೊತ್ತಿಲ್ಲ. ಹರಿವೆ ಸೊರಗಿತು. ಅತ್ತೆಯೂ ಸೊರಗಿದರು. ನಾನು ಯಾರಿಗೆ ಹೇಳಲಿ? ನನ್ನ ಗಂಡ ಜಗದೀಶ ಅಮದಳ್ಳಿ ಹತ್ತಿರ ಗುತ್ತಿಗೆ ಕೆಲಸಕ್ಕೆ ಬೆಳಗಾದರೆ ಬೈಕು ಹತ್ತುವವರು. "ಅಪ್ಪ–ಅವ್ವನ ನಡುವೆ ನಾ ಬರೂದಿಲ್ಲ ಮಾರಾಯ್ತಿ" ಅಂದು ತಪ್ಪಿಸಿಕೊಳ್ಳುತ್ತಿದ್ದರು. ನಾನು ಬಾಯಿ ಹಾಕಿದರೆ ಮಾವ, "ಅವಳು ಬಿದ್ದದ್ದು ನೀ ನೋಡಿದ್ಯೇನು? ನಾ ನೋಡಿದೆ" ಅಂದುಬಿಡುತ್ತಿದ್ದರು.

ಈ ವರ್ಷ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ, ನಾನು ಅಂಕೋಲೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟು ಸಂಕದ ಹತ್ತಿರ ಬಂದರೆ ಅಲ್ಲಿ ತಲೆಗೆ ಹಳದಿ ಟೋಪಿ ಹಾಕಿದ ಹುಡುಗಿಯೊಬ್ಬಳು ನಮ್ಮ ಕಟ್ಟೆಯನ್ನು ಸುತ್ತಿ ಸುತ್ತಿ ನೋಡುತ್ತಿದ್ದಳು. ಹಿಂದೆ ನಾಲ್ಕಾರು ಕೆಲಸಗಾರರು. ಅವಳು ಪ್ರೇಕ್ಷಾ, ಕಾರವಾರದ ಹಬ್ಬುವಾಡದವಳು, ಪೈಪು ತಪಾಸಣೆಗೆ ಬಂದ ಇಂಜಿನಿಯರು.

"ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿದಳು.

ಮಾವ ಹೊಗಳಿಕೆ ಬರುತ್ತದೆಂದು ಮುಂದೆ ಬಂದರು. ನಮ್ಮ ಕಡೆ ಶಾಲೆಯ ಟೀಚರಿಗೆ ಅನ್ನುವ ಹಾಗೆ, "ನಾನೇ ಅಕ್ಕೋರೆ. ಆನೆ ಬಂದು ಜಗ್ಗಿದ್ರೂ ಅಲುಗೂದಿಲ್ಲ" ಅಂದರು.

"ಅದೇ ತೊಂದರೆ ಆದದ್ದು ಮಾಮಾ" ಎಂದು ಅವಳು ಕಟ್ಟೆಯ ಮೇಲೆ ಕೂತೇಬಿಟ್ಟಳು.

ಪೈಪಿನ ಒಳಗೆ ತುಕ್ಕು ಎಲ್ಲಿ ತಿಂದಿದೆ, ಎಲ್ಲಿ ತೆಳುವಾಗಿದೆ ಎಂದು ನೋಡಲು ಒಳಗೇ ಒಂದು ಯಂತ್ರ ಬಿಡುತ್ತಾರಂತೆ. ಹಿಂದಿನಿಂದ ನೀರು ನೂಕುತ್ತದೆ, ಅದು ಪೈಪಿನ ಗೋಡೆ ಸವರುತ್ತ ಅಂಕೋಲೆ ಕಡೆಯಿಂದ ಕಾರವಾರದ ಕಡೆ ಹೋಗುತ್ತದೆ. ಕೆಲಸಗಾರರು ಅದಕ್ಕೆ ಪಿಗ್ ಅನ್ನುತ್ತಿದ್ದರು. ಪಿಗ್ ಅಂದರೆ ಹಂದಿ ಎಂದು ಯಾರೋ ಹೇಳಿದ್ದೇ ತಡ, ಮಧ್ಯಾಹ್ನದೊಳಗೆ ಕೇರಿಗೆಲ್ಲ ಸುದ್ದಿ. "ಗದ್ದೆ ತುಂಬ ಹಂದಿ ಕಾಟ ಸಾಲದು ಅಂತ ಕುಡಿಯೂ ನೀರಿಗೂ ಬಿಡ್ತಾರಂತೆ" ಎಂದು ಪಕ್ಕದ ಮನೆಯ ಸುಬ್ಬಿ ಬಂದು ನನ್ನನ್ನೇ ವಿಚಾರಿಸಿದಳು. ನಾನು ಅಂಗಡಿಗೆ ರಜೆ ಹಾಕಿದ್ದು ಸಾರ್ಥಕವಾಯಿತು.

ಪ್ರೇಕ್ಷಾ ಪೈಪಿನ ಮೈಗೆ ಅಲ್ಲಲ್ಲಿ ತೆಳ್ಳನೆಯ ಪಟ್ಟಿ ಅಂಟಿಸಿ ತಂತಿ ಎಳೆದು ಲ್ಯಾಪ್‌ಟಾಪಿಗೆ ಜೋಡಿಸಿದಳು. ಯಂತ್ರ ಒಳಗೆ ಹೋಗುವಾಗ ಪೈಪು ಎಷ್ಟು ನಡುಗುತ್ತದೆ, ಎಲ್ಲಿ ಎಷ್ಟು ಎಳೆತ ಬೀಳುತ್ತದೆ ಎಂದು ಅದು ತೋರಿಸುತ್ತದಂತೆ. ನನಗೆ ಕಂಡದ್ದು ಒಂದು ಹಸಿರು ಗೆರೆ. ಹಳ್ಳದ ನಡುವಿನ ಕಂಬದ ಹತ್ತಿರ ಆ ಗೆರೆ ಸಣ್ಣಗೆ ಕುಣಿಯುತ್ತಿತ್ತು, ಕಟ್ಟೆಯ ಹತ್ತಿರ ಕಡ್ಡಿಯ ಹಾಗೆ ನೆಟ್ಟಗಿತ್ತು. ಮಾವ ಅದನ್ನು ನೋಡಿ ಮೀಸೆ ತಿರುವಿದರು.

ಮರುದಿನ ಯಂತ್ರಕ್ಕೆ ಮುಂಚೆ ದಾರಿ ಸರಿ ಇದೆಯೇ ನೋಡಲು ಸ್ಪಂಜಿನ ದೊಡ್ಡ ಉಂಡೆಯೊಂದನ್ನು ಬಿಟ್ಟರು. ಅದು ಹಗುರ, ನಮ್ಮ ಹಾಸಿಗೆಯ ಒಳಗಿರುತ್ತದಲ್ಲ, ಅಂಥದ್ದು. ಉಂಡೆ ನಮ್ಮ ಹಳ್ಳಕ್ಕೆ ಬರುವ ಮೊದಲು ನೆಲದೊಳಗಿನ ತಿರುವಿನಲ್ಲಿ ಸ್ವಲ್ಪ ತಡೆಯಿತು. ಹಿಂದೆ ನೀರು ಒತ್ತಿತು. ತಡೆದದ್ದು ಒಮ್ಮೆಲೇ ಹಾರಿದ ಹಾಗೆ ಬಂತು. ಪೈಪಿನ ಉದ್ದಕ್ಕೂ ನಡುಕ ಓಡಿ ಬಂದು ಕಟ್ಟೆಗೆ ಬಡಿಯಿತು. ಕಿರ್ರೆಂದು ಒಂದು ಸದ್ದು, ಹಲ್ಲು ಜುಮ್ಮೆನ್ನುವ ಸದ್ದು. ಲ್ಯಾಪ್‌ಟಾಪಿನ ಹಸಿರು ಗೆರೆ ಕೆಂಪಾಗಿ ಪರದೆಯ ಮೇಲಂಚಿಗೆ ಹೋಯಿತು. ಉಂಡೆ ದಾಟಿ ಹೋಗಿ ಎಲ್ಲ ಸುಮ್ಮನಾದ ಮೇಲೆ ನೋಡಿದರೆ, ಕಟ್ಟೆಯಂಚಿನಲ್ಲಿ ಪೈಪಿನ ಬೆಸುಗೆಯಿಂದ ನೀರು ಹನಿಯುತ್ತಿತ್ತು.

ಪ್ರೇಕ್ಷಾ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಾಳಿದ್ದು ಬರುವ ಯಂತ್ರ ಒಂದು ಎಮ್ಮೆಯಷ್ಟು ಭಾರ. ಈ ಕಟ್ಟೆ ಹೀಗೇ ಇದ್ರೆ ಪೈಪು ಇಲ್ಲೇ ಸೀಳ್ತದೆ. ಪೈಪೂ ಹೋಯ್ತು, ನಿಮ್ಮ ಸಂಕವೂ ಹೋಯ್ತು. ಕಾರವಾರಕ್ಕೆ ನೀರಿಲ್ಲ. ಕಟ್ಟೆ ಒಡೀಬೇಕು ಮಾಮಾ."

"ನನ್ನ ಒಡೀರಿ ಮೊದಲು" ಎಂದು ಮಾವ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಕೇರಿಯ ನಾಲ್ಕು ಜನ ಸೇರಿದರು. ಅರ್ಧ ಜನ ಮಾವನ ಕಡೆ, ಇನ್ನರ್ಧ ಜನ ತಮಾಷೆಯ ಕಡೆ. ಪ್ರೇಕ್ಷಾ ಬೇಕಾದರೆ ಪೊಲೀಸರನ್ನು ಕರೆಸಬಹುದಿತ್ತು. ಕರೆಸಲಿಲ್ಲ, ಅದು ನನಗೆ ಹಿಡಿಸಿತು. ಅವಳು ಸ್ವಲ್ಪ ದೂರ ಹೋಗಿ ಅವ್ವನಿಗೆ ಫೋನು ಹಚ್ಚಿದಳು. ಕೊಂಕಣಿಯಲ್ಲಿ ಜೋರಾಗಿಯೇ ಶುರುಮಾಡಿದಳು. ಮನೆಯ ಕೊಡ, ಬಕೆಟು, ಪಾತ್ರೆ ಎಲ್ಲದಕ್ಕೂ ನೀರು ತುಂಬಿಸಿಡು, ಇಲ್ಲೊಬ್ಬ ಮೊಂಡ ಮ್ಹಾತಾರೊ, ಅಂದರೆ ಮುದುಕ, ಕಟ್ಟೆ ಏರಿ ಕೂತಿದ್ದಾನೆ, ನನ್ನ ಮೊದಲನೇ ಕೆಲಸ ಇವನ ಕೈಯಲ್ಲೇ ಹಾಳಾಗುವುದು ಹಣೆಯಲ್ಲಿ ಬರೆದಿದೆ ಎಂದು ದುಃಖ ತೋಡಿಕೊಂಡಳು. ಅವರ್ಸೆಯವರಿಗೆ ಕೊಂಕಣಿ ಬಾರದು ಎಂದು ಅವಳಿಗೆ ಯಾರು ಹೇಳಿದ್ದರೋ! ಮೀನು ಕೊಳ್ಳುವುದೂ ಜಗಳಾಡುವುದೂ ನಾವು ಅದರಲ್ಲೇ. ಫೋನಿಟ್ಟು ತಿರುಗಿದರೆ ಎಲ್ಲರೂ ಕಿಸಕ್ಕೆಂದು ನಗುತ್ತಿದ್ದರು, ಮಾವ ಶುದ್ಧ ಕೊಂಕಣಿಯಲ್ಲಿ, "ಯಾರು ಬಾಯಿ ಆ ಮೊಂಡ ಮ್ಹಾತಾರೊ?" ಎಂದು ಕೇಳಿದರು.

ಪ್ರೇಕ್ಷಾ ನಾಲಗೆ ಕಚ್ಚಿಕೊಂಡಳು. ಆಮೇಲೆ ಅವಳಿಗೂ ನಗು ಬಂತು. ಮಾವನ ಪಕ್ಕದಲ್ಲೇ ಬಂದು ಕೂತಳು.

"ಮಾಮಾ, ಕಂಬದ ತಲೆ ಮೇಲೆ ಪೈಪು ಸುಮ್ಮನೆ ಮಲಗಿರ್ತದೆ, ಕಟ್ಟಿರೂದಿಲ್ಲ. ಒತ್ತಡ ಬಂದಾಗ ಒಂದು ಉಗುರಿನಷ್ಟು ಜರುಗಿ ಮತ್ತೆ ಜಾಗಕ್ಕೆ ಬರ್ಲಿ ಅಂತ ಹಾಗೆ ಮಾಡಿದ್ದು. ನೀವು ಹಿಡಿದಿಟ್ಟಿದ್ದೀರಿ. ಜರುಗೂಕೆ ಆಗದ ಒತ್ತಡವೆಲ್ಲ ನೀವು ಹಿಡಿದ ಜಾಗದ ಅಂಚಿಗೇ ಬಂದು ಕೂತಿದೆ." ಅವಳು ಹಳ್ಳದ ಬದಿಯಲ್ಲಿ ಗೂಟಕ್ಕೆ ಕಟ್ಟಿದ್ದ ನಮ್ಮ ಸಣ್ಣ ದೋಣಿ ತೋರಿಸಿದಳು. "ಆ ದೋಣಿ ಹಗ್ಗ ಎಂತಕ್ಕೆ ಸಡಿಲ ಬಿಟ್ಟಿದ್ದೀರಿ?"

"ಭರತ ಬಂದ್ರೆ ಏರೂಕೆ ಬ್ಯಾಡ್ವಾ? ಬಿಗಿ ಕಟ್ಟಿದ್ರೆ ಗೂಟವೇ ಕಿತ್ತು ಬತ್ತದೆ" ಅಂದುಬಿಟ್ಟರು ಮಾವ. ಅಂದ ಮೇಲೆ ಅವರಿಗೇ ಗೊತ್ತಾಯಿತು, ಎಲ್ಲಿಗೆ ಬಂದು ನಿಂತೆ ಎಂದು. ಕೂಡಲೇ, "ದೋಣಿ ಮರದ್ದು ಅಕ್ಕೋರೆ. ಇದು ಕಬ್ಬಿಣ. ಕಬ್ಬಿಣಕ್ಕೆ ಎಲ್ಲಿಯ ಭರತ?" ಎಂದು ಜಾರಿಕೊಂಡರು.

ನಾನು ತಡೆಯಲಾರದೆ, "ಮಾವ, ಕಟ್ಟೆ ಒಡೆದ್ರೆ ನಿಮಗೆ ಎಂತ ಹೋಗೂದು?" ಎಂದೆ.

"ಎಂತ ಹೋಗೂದಾ? ಪೈಪು ಮತ್ತೆ ಅಲುಗ್ತದೆ. ನಿನ್ನ ಅತ್ತೆ ಹ್ಯಾಂಗೆ ದಾಟೂದು?"

"ದಾಟೂಕೆ ನೀವು ಬಿಟ್ಟಿದ್ದಾದ್ರೂ ಯಾವಾಗ? ಎರಡು ವರ್ಷ ಆಯ್ತು, ಅತ್ತೆ ಒಂದು ದಿನ ದಾಟಿದ್ದಿದ್ಯಾ?"

ಸೊಸೆ ಮಾವನಿಗೆ ನಾಲ್ಕು ಜನರೆದುರು ಹೀಗೆ ಹೇಳುವುದು ಚಂದವಲ್ಲ, ನನಗೂ ಗೊತ್ತು. ಆದರೆ ಸಿಟ್ಟು ಚಂದ ನೋಡಿ ಬರುತ್ತದೆಯೇ? ಮಾವನ ಕಿವಿ ಕೆಂಪಾಯಿತು. "ನಿಂಗೆ ಗೊತ್ತಿಲ್ಲ. ಅವಳು ಬಿದ್ದದ್ದು ನಾ ನೋಡಿದೆ. ಈ ಪೈಪು ಅಲುಗಿ..."

"ಪೈಪು ಅಲುಗಲಿಲ್ಲ."

ಹಿಂದೆ ಅತ್ತೆ ನಿಂತಿದ್ದರು. ಕೈಯಲ್ಲಿ ಕೋಲು. ಆ ಕೋಲೂ ಮಾವ ಮಾಡಿಕೊಟ್ಟದ್ದೇ, ಅತ್ತೆ ಅದನ್ನು ಊರುವುದಕ್ಕಿಂತ ನಾಯಿ ಓಡಿಸಲು ಬಳಸುವುದೇ ಹೆಚ್ಚು.

"ಆ ದಿನ ನೀರೇ ಬಂದ್ ಆಗಿತ್ತು. ಎಲ್ಲೋ ರಿಪೇರಿ ಇತ್ತು. ಪೈಪು ಸತ್ತವರ ಹಾಂಗೆ ಬಿದ್ದಿತ್ತು" ಅಂದರು ಅತ್ತೆ. "ನಾ ಸಮಾ ನಡೀತಿದ್ದೆ. ಹುಟ್ಟಿದಾಗಿಂದ ಸಂಕ ದಾಟಿದವಳು ನಾ. ನೀವು ಹಿಂದಿಂದ ಕೂಗಿದ್ರಿ. ಹುಷಾರಿ ಗಂಗೀ, ಹುಷಾರಿ, ಹುಷಾರಿ! ಎಂತ ಆಯ್ತೋ ಅಂತ ತಿರುಗಿದೆ. ತಲೆ ಮೇಲಿನ ಬುಟ್ಟಿಯೂ ತಿರುಗ್ತು. ಬಿದ್ದೆ."

ಹಳ್ಳದಲ್ಲಿ ನೀರು ಏರುತ್ತಿತ್ತು. ಮಾವ ಕಟ್ಟೆಯಿಂದ ಕಾಲು ಇಳಿಬಿಟ್ಟರು.

"ಎಂತಕ್ಕೆ ಹೇಳಲಿಲ್ಲ?" ಎಂದು ಕೇಳಿದರು.

"ಹೇಳಿ ಎಂತ ಮಾಡೂದು? ನೀವು ಆಸ್ಪತ್ರೆ ಜಗಲಿ ಮೇಲೆ ಕೂತು ಅತ್ತಿದ್ದು ನಂಗೆ ಗೊತ್ತಿಲ್ವಾ? ಇದೂ ಗೊತ್ತಾದ್ರೆ ಅನ್ನ ನೀರು ಬಿಡ್ತ್ರಿ ಅಂತ ಹೆದರ್ದೆ. ನೀವು ಸಿಮೆಂಟ್ ಹೊತ್ರಿ. ಹೊರಲಿ, ಸಮಾಧಾನ ಆಗ್ಲಿ ಅಂದ್ಕಂಡೆ." ಅತ್ತೆ ಕೋಲಿನಿಂದ ಕಟ್ಟೆಗೆ ಒಮ್ಮೆ ಕುಟ್ಟಿದರು. "ಸಮಾಧಾನ ನಿಮಗಾಯ್ತು. ಕಟ್ಟಿಹಾಕಿದ್ದು ನನ್ನ."

ಅಷ್ಟು ಹೇಳಿ ಅತ್ತೆ ಮನೆಗೆ ನಡೆದರು. ಕೋಲು ಊರಲೇ ಇಲ್ಲ. ನನಗೆ ಅವರ ಹಿಂದೆ ಹೋಗಬೇಕೋ ಮಾವನ ಹತ್ತಿರ ನಿಲ್ಲಬೇಕೋ ತಿಳಿಯಲಿಲ್ಲ. ಪ್ರೇಕ್ಷಾ ತನ್ನ ಹಳದಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಕೆಲಸಗಾರರು ಬೀಡಿಯ ನೆಪ ಹೇಳಿ ದೂರ ಹೋದರು. ಮಾವ ಸಂಜೆಯವರೆಗೂ ಕಟ್ಟೆಯ ಮೇಲೇ ಇದ್ದರು, ಆದರೆ ಈಗ ಅದನ್ನು ಕಾಯುತ್ತಿರಲಿಲ್ಲ, ಸುಮ್ಮನೆ ಕೂತಿದ್ದರು. ನನ್ನ ಬಾಯಿಯ ಮೇಲೆ ನನಗೇ ಬೇಜಾರಾಯಿತು. ಇಷ್ಟು ವರ್ಷ ಅನ್ನ ಇಕ್ಕಿದ ಮಾವ. ಅವರದು ಹಠವಾದರೂ ಪ್ರೀತಿಯ ಹಠ.

ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವ ಹೊತ್ತಿಗೆ ಹಳ್ಳದ ಕಡೆಯಿಂದ ಠಣ್ ಠಣ್ ಎಂದು ಸದ್ದು. ಹೋಗಿ ನೋಡಿದರೆ ಮಾವ ಲುಂಗಿ ಎತ್ತಿ ಕಟ್ಟಿ ಹಾರೆಯಿಂದ ಕಟ್ಟೆಗೆ ಹೊಡೆಯುತ್ತಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಆ ಮಾತು ಮಾವನ ಕಟ್ಟೆಗೆ ಹೊಂದಲಿಲ್ಲ. ಅರ್ಧ ಗಂಟೆ ಹೊಡೆದರೂ ಒಂದು ಬೊಗಸೆ ಚೂರು ಬಿತ್ತು.

"ಹೇಳಿದ್ನಲ್ಲ, ಗಟ್ಟಿ ಅದೆ ಅಂತ" ಎಂದರು ನನ್ನನ್ನು ಕಂಡು. ಬೆವರೋ ಏನೋ, ಮುಖವೆಲ್ಲ ಒದ್ದೆ. ಅದರಲ್ಲೂ ಒಂದು ಚೂರು ಹೆಮ್ಮೆ ಉಳಿದಿತ್ತು. ನನಗೆ ನಗುವೂ ಬಂತು, ಅಳುವೂ ಬಂತು.

ಪ್ರೇಕ್ಷಾಳ ಕೆಲಸಗಾರರು ಬಂದು ಯಂತ್ರ ಹಚ್ಚಿ ಒಡೆದರು. ಪೈಪಿಗೆ ಪೆಟ್ಟು ತಾಗದ ಹಾಗೆ ಸುತ್ತಲಿನದ್ದನ್ನು ಮಾವನೇ ಉಳಿಯಿಂದ ಬಿಡಿಸಿದರು. ಹನಿಯುತ್ತಿದ್ದ ಬೆಸುಗೆಗೆ ಹೊಸ ಬೆಸುಗೆ ಬಿತ್ತು. ಹಳೆಯ ಹಲಗೆಗಳನ್ನೂ ಬಿಚ್ಚಬೇಕಾಯಿತು. ಪೈಪಿನ ಬೆನ್ನಿಗೆ ಬಿಗಿದ ತಂತಿ ಕೂಡ ಅದನ್ನು ಹಿಡಿಯುತ್ತದಂತೆ. ನಡುವಿನ ಕಂಬದ ಹತ್ತಿರ ತಮ್ಮ ಜನ ಹೋಗಿ ಬರಲಿ ಎಂದು ಪೈಪಿನ ಪಕ್ಕದಲ್ಲೇ, ಪೈಪನ್ನು ಮುಟ್ಟದ ಹಾಗೆ, ಬೇರೆ ಕಾಲುಗಳ ಮೇಲೆ ಆಚೆ ದಡದವರೆಗೂ ಕಬ್ಬಿಣದ ಒಂದು ದಾರಿ ನಿಲ್ಲಿಸಿದರು. ಎರಡೂ ಬದಿ ಹಿಡಿಕೆ, ಕೆಳಗೆ ಜಾರದ ಜಾಲರಿ. ತಪಾಸಣೆ ಮುಗಿದ ಮೇಲೆ ಬಿಚ್ಚಿ ಒಯ್ಯುತ್ತಾರಂತೆ.

ನಾನು ಸೊಂಟಕ್ಕೆ ಕೈಯಿಟ್ಟು ನೋಡಿದೆ. "ಪ್ರೇಕ್ಷಾ, ನಿಮ್ಮ ಜನಕ್ಕೆ ಎರಡು ದಿನ ದಾಟೂಕೆ ಈ ರಾಜಮಾರ್ಗ. ನಾವು ಜನ್ಮವಿಡೀ ದಾಟೂಕೆ ತೆಂಗಿನ ಹಲಗೆ. ಈಗ ಆ ಹಲಗೆಯೂ ಇಲ್ಲ. ಇದು ಯಾವ ನ್ಯಾಯ?"

ಅವಳು ದಾರಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಮೇಲಿನವರಿಗೆ ಫೋನು ಮಾಡಿದಳು, ಈ ಸಲ ಕನ್ನಡದಲ್ಲಿ. "ಸರ್, ಇಲ್ಲಿ ಜನ ಪೈಪು ಹತ್ತೋದನ್ನ ನಿಲ್ಲಿಸಬೇಕು ಅಂದ್ರೆ ಬೇರೆ ದಾರಿ ಇರಲೇಬೇಕು. ಇಲ್ಲದಿದ್ರೆ ನಾವು ಹೋದ ಮರುದಿನ ಮತ್ತೆ ಹಲಗೆ ಬಿಗೀತಾರೆ, ಮತ್ತೆ ಯಾರೋ ಕಟ್ಟೆ ಕಟ್ತಾರೆ. ಮುಂದಿನ ತಪಾಸಣೆಗೂ ನಮಗೆ ಈ ದಾರಿ ಬೇಕೇ ಬೇಕು. ಬಿಚ್ಚೋದು ಯಾಕೆ ಸರ್?" ಆ ಕಡೆಯವರು ಬಹಳ ಹೊತ್ತು ಏನೇನೋ ಹೇಳಿದರು. ಇವಳು "ಹೌದು ಸರ್, ಆದ್ರೂ ಸರ್" ಎಂದು ಅಲ್ಲೇ ನಿಂತಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಮಾತಾಡಲು ಅವಳಿಗೆ ಹಬ್ಬುವಾಡದಲ್ಲಿ ಯಾರೋ ಚೆನ್ನಾಗಿ ಕಲಿಸಿದ್ದರು. ಕೊನೆಗೆ ಫೋನು ಇಳಿಸಿ, "ಸದ್ಯಕ್ಕೆ ಇರ್ಲಿ ಅಂದ್ರು" ಎಂದಳು. ಸರಕಾರದ ಸದ್ಯಕ್ಕೆ ಅಂದರೆ ಎಷ್ಟು ಕಾಲ ಎಂದು ನಮಗೆ ಗೊತ್ತಿದೆ. ನಮ್ಮ ಊರಿನ ಬಸ್ ತಂಗುದಾಣವೂ ಸದ್ಯಕ್ಕೆ ಎಂದು ಕಟ್ಟಿದ್ದೇ, ಈಗ ಅದಕ್ಕೆ ನನ್ನಷ್ಟೇ ವಯಸ್ಸು.

ಯಂತ್ರ ಬರುವ ದಿನ ಕೇರಿಯೆಲ್ಲ ಹಳ್ಳದ ಬದಿಗೇ. ಸುಬ್ಬಿ ಹಂದಿಯ ಬಾಲವಾದರೂ ಕಂಡೀತೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಅತ್ತೆ ಬಂದು ದಡದ ಮೇಲೆ ಕೂತಿದ್ದರು. ಕಟ್ಟೆಯ ಒಡಕಿನ ರಾಶಿಯ ಮೇಲೆ ಮಾವ. ಆ ಮಾತಾದ ಮೇಲೆ ಇಬ್ಬರೂ ಒಬ್ಬರ ಹತ್ತಿರ ಒಬ್ಬರು ಬೇಕಾದಷ್ಟೇ ಮಾತಾಡುತ್ತಿದ್ದರು. ಸಾರು ಬೇಕೇ, ಸಾಕು. ಅಷ್ಟೇ.

ಪ್ರೇಕ್ಷಾಳ ಫೋನು ರಿಂಗಾಯಿತು. ಯಂತ್ರ ಹಿಂದಿನ ತಿರುವು ದಾಟಿತಂತೆ. ಮಾವ ಎದ್ದುಹೋಗಿ, ತಾವು ಹಿಡಿದಿಟ್ಟಿದ್ದ ಜಾಗದಲ್ಲೇ ಪೈಪಿನ ಮೇಲೆ ಅಂಗೈ ಇಟ್ಟರು. ಪ್ರೇಕ್ಷಾ ಬೇಡ ಅನ್ನಲು ಕೈ ಎತ್ತಿದವಳು ಅನ್ನಲಿಲ್ಲ.

ದೂರದಿಂದ ಗುಡುಗಿನ ಕೊನೆಯಂಥ ಸದ್ದು ನೆಲದೊಳಗೇ ಬಂತು. ಪೈಪು ನಡುಗಿತು. ಕಂಬದ ತಲೆಯಲ್ಲಿ ಒಂದು ಉಗುರಿನಷ್ಟು ಮುಂದೆ ಜರುಗಿತು, ನಾನು ಕಣ್ಣಾರೆ ಕಂಡೆ. ಒಳಗೆ ಭಾರವಾದದ್ದೇನೋ ನಮ್ಮೆಲ್ಲರ ಮುಂದೆ ಹಾದುಹೋಯಿತು. ಪೈಪು ಹಿಂದೆ ಬಂದು ತನ್ನ ಜಾಗದಲ್ಲಿ ಕೂತಿತು. ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆ ಏರಿತು, ಇಳಿಯಿತು, ಹಸಿರಾಗಿಯೇ ಉಳಿಯಿತು. ಬೆಸುಗೆ ಒಣಗಿತ್ತು.

"ಏರಿತು ಅಕ್ಕೋರೆ" ಎಂದರು ಮಾವ ಮೆಲ್ಲಗೆ. "ಏರಿ ಇಳೀತು. ಕಬ್ಬಿಣಕ್ಕೂ ಭರತ ಉಂಟು."

ಪ್ರೇಕ್ಷಾ ಅವ್ವನಿಗೆ ಫೋನು ಹಚ್ಚಿ, ತುಂಬಿಸಿಟ್ಟ ನೀರನ್ನೆಲ್ಲ ಗಿಡಕ್ಕೆ ಹಾಕು ಎಂದು ಕೊಂಕಣಿಯಲ್ಲಿ ಕೂಗಿದಳು. ಮ್ಹಾತಾರೊ ಒಳ್ಳೆಯವನು ಎಂದೂ ಸೇರಿಸಿದಳು, ಎಲ್ಲರಿಗೂ ಕೇಳಿಸಲಿ ಎಂದು ಇನ್ನೂ ಜೋರಾಗಿ.

ಆ ಗದ್ದಲದಲ್ಲಿ ನಾನು ತಿರುಗಿ ನೋಡಿದರೆ ದಡದ ಮೇಲೆ ಅತ್ತೆ ಇಲ್ಲ. ಅವರ ಕೋಲು ಮಾತ್ರ ಇತ್ತು. ಅತ್ತೆ ಆಗಲೇ ಕಬ್ಬಿಣದ ದಾರಿಯ ಮೇಲಿದ್ದರು.

ಎರಡು ವರ್ಷದ ಮೇಲೆ ಹಳ್ಳದ ಮೇಲೆ ನಿಂತಿದ್ದರು. ಬಲಗೈ ಹಿಡಿಕೆಯ ಮೇಲೆ. ಕಾಲು ಎತ್ತಿ ಇಡುವುದು ಸ್ವಲ್ಪ ತಡವಾಗುತ್ತಿತ್ತು, ಆದರೆ ಇಡುತ್ತಿದ್ದರು. ಕೆಳಗೆ ಭರತದ ನೀರು ತುಂಬಿ ನಿಂತಿತ್ತು. ಮಾವನ ಕಡೆ ನೋಡಿದೆ. ಅವರಿಗೂ ಕಂಡಿತ್ತು. ಕತ್ತಿನ ನರ ಉಬ್ಬಿತ್ತು, ಬಾಯಿ ತೆರೆದಿತ್ತು, ಆ ಒಂದು ಮಾತು ನಾಲಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಹೆಗಲ ಮೇಲಿನ ಟವೆಲಿನ ತುದಿಯನ್ನು ಹಿಡಿದು ಬಾಯಿಗೆ ತುರುಕಿಕೊಂಡರು. ಎರಡೂ ಕೈಯಿಂದ ಒತ್ತಿ ಹಿಡಿದರು. ಕಣ್ಣಲ್ಲಿ ನೀರು.

ಅತ್ತೆ ನಡುವಿನ ಕಂಬ ದಾಟಿದರು. ಒಮ್ಮೆ ನಿಂತರು. ಹಿಂದೆ ನೋಡಲಿಲ್ಲ. ಮತ್ತೆ ನಡೆದರು. ಆಚೆ ದಡದ ಮಣ್ಣಿಗೆ ಕಾಲಿಟ್ಟ ಮೇಲೆ ಬಗ್ಗಿ ಆ ಮಣ್ಣನ್ನು ಒಂದು ಚಿಟಿಕೆ ಎತ್ತಿ ಹಣೆಗೆ ಹಚ್ಚಿಕೊಂಡರು. ನೇರ ಹೋಗಿ ಹರಿವೆಯ ಪಾತಿಯ ಮುಂದೆ ನಿಂತು, ಸೊರಗಿದ ಒಂದು ಗಿಡ ಕಿತ್ತು ಬೇರು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಹೋಯ್!" ಎಂದು ಕೂಗಿದರು. "ಬಾಯಲ್ಲಿ ಎಂತ ಇಟ್ಕಂಡ್ರಿ?"

ಮಾವ ಟವೆಲು ತೆಗೆದರು.

"ಗೊಬ್ಬರದ ಬುಟ್ಟಿ ತಕಂಡು ಬನ್ನಿ. ನೀವು ಮಾಡಿದ್ದು ನೋಡೂಕಾಗೂದಿಲ್ಲ. ಮೊದಲಿಂದ ಹಾಕ್ವ."

ಮಾವ ಮನೆಗೆ ಓಡಿದರು. ಓಡಿದ್ದೇ ಹೌದು, ಆ ವಯಸ್ಸಿನಲ್ಲಿ. ಬುಟ್ಟಿ ತುಂಬಿ ತಲೆಗೆ ಹೊತ್ತು ಬಂದು ಕಬ್ಬಿಣದ ದಾರಿ ಏರಿದರು. ಹೊಸ ಜಾಲರಿಯ ಮೇಲೆ ಅವರಿಗೆ ಅಭ್ಯಾಸವಿಲ್ಲ, ಹೆಜ್ಜೆ ತಡವರಿಸುತ್ತಿತ್ತು. ಸರಿಯಾಗಿ ನಡುವಿಗೆ ಬಂದಾಗ ಅತ್ತೆ ಆಚೆ ದಡದಿಂದ ಎರಡೂ ಕೈ ಬಾಯಿಗೆ ಹಚ್ಚಿ, ಹಳ್ಳ ಮೊಳಗುವ ಹಾಗೆ ಕೂಗಿದರು.

"ಹುಷಾರಿ! ಹುಷಾರಿ!"

ಮಾವ ತಲೆ ಎತ್ತಲಿಲ್ಲ. ಬುಟ್ಟಿ ಗಟ್ಟಿಯಾಗಿ ಹಿಡಿದು, "ಸುಮ್ನಿರೇ ಮಾರಾಯ್ತಿ, ನಾ ಬೀಳ್ತೆ!" ಎಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಕ್ಕು ನಕ್ಕು ಪಾತಿಯ ಬದಿಯಲ್ಲೇ ಕೂತುಬಿಟ್ಟರು. ಮಾವ ಆಚೆ ತಲುಪಿ ಬುಟ್ಟಿ ಇಳಿಸಿ ಅವರ ಪಕ್ಕದಲ್ಲೇ ಕೂತರು. ಪಂಪು ಚಾಲೂ ಆಯಿತು, ಪೈಪು ಗುಂಯ್ಯೆಂದು ಅಲುಗಿತು. ಈ ಸಲ ಅದರ ಕಡೆ ಯಾರೂ ನೋಡಲಿಲ್ಲ.